ಪರದೇಶದಲ್ಲಿ ಗುರುತಿಲ್ಲದ ಹುಳ, ಪ್ರಾಣಿ ಎದುರಾದರೆ: ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಟ್ಟುಬಿಡಬೇಕು?

ಹೊಸಗಾಳಿ:
ಎಲ್ಲರಿಗೂ ನಮಸ್ಕಾರ. ನಾವು ಬ್ರಿಸ್ಬೇನ್‌ಗೆ ಬಂದು ಜಾಸ್ತಿ ದಿನ ಆಗಿಲ್ಲ. ಕೆಲಸ, ಮನೆ, ಹವೆ ಎಲ್ಲದಕ್ಕೂ ಹೊಂದಿಕೊಂಡೆವು. ಇಲ್ಲಿಯ ಹುಳಹುಪ್ಪಟೆಗೆ ಮಾತ್ರ ಇನ್ನೂ ಆಗಿಲ್ಲ. ಮೊನ್ನೆ ಸ್ನಾನದ ಮನೆಯ ಗೋಡೆ ಮೇಲೆ ಅಂಗೈ ಅಗಲದ ಜೇಡ. ಬೂದುಗಂದು ಬಣ್ಣ, ಚಪ್ಪಟೆ ಮೈ, ಕಾಲುಗಳೆಲ್ಲ ಏಡಿಯ ಕಾಲಿನ ಹಾಗೆ ಪಕ್ಕಕ್ಕೆ ಚಾಚಿವೆ. ದೀಪ ಹಾಕಿದರೂ ಅಲುಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಿದ್ದೇ ತಡ, ಸರ್ರನೆ ಕನ್ನಡಿಯ ಹಿಂದೆ ನುಗ್ಗಿತು. ಅಷ್ಟು ಅಗಲದ ಜೇಡ ಅಷ್ಟು ಸಣ್ಣ ಸಂದಿಯಲ್ಲಿ ಹೇಗೆ ತೂರಿತೋ!

ಸ್ಪ್ರೇ ಹೊಡೆದು ಮುಗಿಸೋಣ ಅನ್ನುತ್ತಾರೆ ಗಂಡ. ನನಗೆ ಕೊಲ್ಲಲು ಮನಸ್ಸಿಲ್ಲ, ಆದರೆ ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ. ನೆಟ್‌ನಲ್ಲಿ ಹುಡುಕಿದರೆ ಇಲ್ಲಿ ಇರುವುದೆಲ್ಲ ವಿಷವೇ ಅನ್ನುವ ಹಾಗೆ ಬರೆದಿರುತ್ತಾರೆ. ಬೇರೆ ಬೇರೆ ದೇಶದಲ್ಲಿ ಇರುವವರು ಹೇಳಿ, ಗುರುತಿಲ್ಲದ ಜೀವಿ ಕಂಡಾಗ ನೀವು ಏನು ಮಾಡುತ್ತೀರಿ? ಯಾವುದಕ್ಕೆ ಹೆದರಬೇಕು ಅಂತ ಹೇಗೆ ತಿಳಿಯುವುದು?

ನೀಲಗಿರಿಮರ:
ಅದು ಹಂಟ್ಸ್‌ಮನ್. ನೀವು ಹೇಳಿದ ಚಪ್ಪಟೆ ಮೈ, ಪಕ್ಕಕ್ಕೆ ಚಾಚಿದ ಕಾಲು, ಆ ಓಟ, ಮೂರೂ ಅದರದ್ದೇ. ಕಾಲು ಸೇರಿಸಿ 15 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಬಲೆ ಕಟ್ಟಿ ಕಾಯುವುದಿಲ್ಲ, ಓಡಾಡಿ ಬೇಟೆಯಾಡುತ್ತದೆ. ಜಿರಳೆ ಅದರ ಊಟ. ಹಿಡಿದು ಕಾಡಿದರೆ ಕಚ್ಚಬಹುದು, ನೋವೂ ಆಗುತ್ತದೆ, ಆದರೆ ಜೀವಕ್ಕೆ ಅಪಾಯ ಇಲ್ಲ. ಅಗಲ ಬಾಯಿಯ ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಬಿಡಿ. ಕಾರಿನೊಳಗೂ ಸೇರಿಕೊಳ್ಳುತ್ತದೆ, ಬಿಸಿಲು ಮರೆಮಾಡುವ ಫಲಕದ ಹಿಂದೆ ಕೂರುವುದೆಂದರೆ ಅದಕ್ಕೆ ಇಷ್ಟ. ಓಡಿಸುವಾಗ ಕಂಡರೆ ಗಾಬರಿಯಾಗದೆ ನಿಧಾನವಾಗಿ ಪಕ್ಕಕ್ಕೆ ನಿಲ್ಲಿಸಿ. ಅದರ ಕಡಿತಕ್ಕಿಂತ ನೀವು ಸ್ಟಿಯರಿಂಗ್ ಬಿಡುವುದೇ ಅಪಾಯ.

ಕಡಲಕಾಗೆ:
ನಮ್ಮ ಮನೆಯಲ್ಲಿ ಒಂದಿದೆ, ಹೊರಗೆ ಹಾಕಿಲ್ಲ. ಜಿರಳೆ ಕಾಟ ನಿಂತಿದೆ.

ಎರಡುಮಕ್ಕಳತಾಯಿ:
ಹೊರಗೆ ಬಿಡಿ ಅನ್ನುವುದು ಸುಲಭ. ಮಗು ಇರುವವರಿಗೆ ಯಾವುದು ಹಂಟ್ಸ್‌ಮನ್, ಯಾವುದು ವಿಷದ ರೆಡ್‌ಬ್ಯಾಕ್ ಜೇಡ ಅಂತ ಮೊದಲು ಹೇಳಿಕೊಡಿ. ರೆಡ್‌ಬ್ಯಾಕ್ ಸಣ್ಣದು, ಹೆಣ್ಣು ಕಪ್ಪಗೆ, ಬೆನ್ನ ಮೇಲೆ ಕೆಂಪು ಪಟ್ಟೆ. ಹೊರಗಿಟ್ಟ ಶೂ, ಆಟದ ಸಾಮಾನು, ಹೂಕುಂಡದ ಅಡಿ, ಪ್ಲಾಸ್ಟಿಕ್ ಕುರ್ಚಿಯ ಕೆಳಗಿನ ಮೂಲೆ, ಇಂಥ ಕಡೆ ಇರುತ್ತದೆ. ನಮ್ಮ ಮಗನ ಮೂರು ಚಕ್ರದ ಸೈಕಲ್ಲಿನ ಸೀಟಿನ ಅಡಿ ಬಲೆ ಕಟ್ಟಿತ್ತು. ಅದನ್ನು ಡಬ್ಬಿಯಲ್ಲಿ ಹಿಡಿಯುವ ಸಾಹಸ ನಾನು ಮಾಡಲಿಲ್ಲ, ಮಾಡುವುದೂ ಇಲ್ಲ.

ನೀಲಗಿರಿಮರ:
ಒಪ್ಪುತ್ತೇನೆ, ರೆಡ್‌ಬ್ಯಾಕ್ ವಿಷಯದಲ್ಲಿ ವಾದ ಇಲ್ಲ. ಆದರೆ ಅದಕ್ಕೂ 1956ರಿಂದ ಪ್ರತಿವಿಷ ಇದೆ. ಸಿಡ್ನಿ ಕಡೆಯ ಫನೆಲ್‌ವೆಬ್ ಜೇಡ ಇನ್ನೂ ಭಯಂಕರ. ಅದರ ಪ್ರತಿವಿಷ 1981ರಲ್ಲಿ ಬಂತು, ಆಮೇಲೆ ಅದರ ಕಡಿತದಿಂದ ಒಂದು ಸಾವೂ ದಾಖಲಾಗಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ವಿಷ ವಿಷ ಅಂತಷ್ಟೇ ಹೇಳುತ್ತಾರೆ.

ಬಿಳಿಕೋಟು:
ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಒಂದು ವಿಷಯ ಒತ್ತಿ ಹೇಳುತ್ತೇನೆ. ಎರಡಕ್ಕೂ ಪ್ರಥಮ ಚಿಕಿತ್ಸೆ ಒಂದೇ ಅಲ್ಲ. ಫನೆಲ್‌ವೆಬ್ ಅಥವಾ ಹಾವು ಕಚ್ಚಿದರೆ ಇಡೀ ಕೈಗೋ ಕಾಲಿಗೋ ಬಿಗಿಯಾಗಿ ಅಗಲದ ಬ್ಯಾಂಡೇಜ್ ಸುತ್ತಿ, ಕೋಲು ಕಟ್ಟಿ ಅಲುಗದ ಹಾಗೆ ಮಾಡಿ, ತುರ್ತು ನಂಬರ್ 000ಗೆ ಫೋನ್ ಮಾಡಬೇಕು. ರೆಡ್‌ಬ್ಯಾಕ್ ಆದರೆ ಬ್ಯಾಂಡೇಜ್ ಬಿಗಿಯಬಾರದು, ನೋವು ಹೆಚ್ಚಾಗುತ್ತದೆ. ಐಸ್ ಇಟ್ಟು ಡಾಕ್ಟರ್ ಹತ್ತಿರ ಹೋಗಿ. ಹಾವು ಕಚ್ಚಿದ ಜಾಗವನ್ನು ಇಲ್ಲಿ ತೊಳೆಯಬಾರದು. ಚರ್ಮದ ಮೇಲೆ ಉಳಿದ ವಿಷದಿಂದಲೇ ಯಾವ ಗುಂಪಿನ ಹಾವು ಅಂತ ಪರೀಕ್ಷೆ ಮಾಡಲು ಸಾಧ್ಯ. ಅನುಮಾನ ಬಂದರೆ ವಿಷ ಮಾಹಿತಿ ಕೇಂದ್ರದ ನಂಬರ್ 13 11 26, ದಿನವಿಡೀ ಎತ್ತುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.

ಅಲೆಮಾರಿ_77:
ವೈಟ್‌ಟೇಲ್ ಜೇಡವನ್ನು ಮರೆತಿರಿ. ಅದು ಕಚ್ಚಿದರೆ ಚರ್ಮ ಕೊಳೆತುಹೋಗುತ್ತದೆ.

ಬಿಳಿಕೋಟು:
ಇಲ್ಲ. ಇದು ಎಲ್ಲರ ಬಾಯಲ್ಲೂ ಇರುವ ಮಾತು, ನಿಜ ಅಲ್ಲ. ಕಚ್ಚಿದ ಜೇಡವನ್ನೇ ಹಿಡಿದು ತಂದ 130 ಪ್ರಕರಣಗಳನ್ನು ಆಸ್ಟ್ರೇಲಿಯಾದ ವೈದ್ಯರು ನೋಡಿ 2003ರಲ್ಲಿ ಪ್ರಕಟಿಸಿದರು. ಒಂದರಲ್ಲೂ ಚರ್ಮ ಕೊಳೆತಿರಲಿಲ್ಲ. ಹುಣ್ಣು ಆಗಿದ್ದರೆ ಅದಕ್ಕೆ ಬೇರೆ ಕಾರಣ ಇರುತ್ತದೆ. ಜೇಡದ ತಲೆಗೆ ಕಟ್ಟಿ ಸುಮ್ನಿದ್ದರೆ ನಿಜವಾದ ಕಾಯಿಲೆಗೆ ಔಷಧ ಸಿಗುವುದು ತಡವಾಗುತ್ತದೆ.

ಮ್ಯೂನಿಕ್‌ಮಳೆ:
ಜೇಡದ ಮಾತಿನಲ್ಲೇ ಮುಳುಗಿದ್ದೀರಿ. ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿ ಹೆದರಬೇಕಾದದ್ದು ಕಣ್ಣಿಗೇ ಬೀಳುವುದಿಲ್ಲ. ಉಣ್ಣಿ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾದಿರುತ್ತದೆ, ನೀವು ಸವರಿಕೊಂಡು ಹೋದರೆ ಹತ್ತಿಕೊಳ್ಳುತ್ತದೆ. ಮರದಿಂದ ಉದುರುತ್ತದೆ ಅನ್ನುವುದು ಸುಳ್ಳು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ನೋವಿಲ್ಲ, ತುರಿಕೆ ಇಲ್ಲ. ಮೊಣಕಾಲ ಹಿಂದೆ, ಕಂಕುಳು, ತೊಡೆಸಂದಿ, ಮಕ್ಕಳಿಗಾದರೆ ಕಿವಿಯ ಹಿಂದೆ, ಕೂದಲ ಅಂಚು. ಪಾರ್ಕಿನಿಂದ ಬಂದ ಮೇಲೆ ಅಲ್ಲೆಲ್ಲ ಬೆರಳಾಡಿಸಿ ನೋಡಬೇಕು. ಬವೇರಿಯಾ, ಬಾಡೆನ್ ವುರ್ಟೆಂಬರ್ಗ್ ಕಡೆ ಅದು ಮೆದುಳಿನ ಉರಿಯೂತದ ವೈರಸ್ಸನ್ನೂ ಹರಡುತ್ತದೆ. ಅದಕ್ಕೆ ಔಷಧ ಇಲ್ಲ, ಆದರೆ ಲಸಿಕೆ ಇದೆ, ಮೂರು ಡೋಸ್. ಅಪಾಯದ ಪ್ರದೇಶದಲ್ಲಿ ವಾಸ ಇದ್ದರೆ ವಿಮೆಯವರೇ ದುಡ್ಡು ಕೊಡುತ್ತಾರೆ. ಹೊಸದಾಗಿ ಬಂದವರು ಯಾರೂ ಕೇಳುವುದಿಲ್ಲ, ಯಾಕೆಂದರೆ ಯಾರೂ ಹೇಳುವುದಿಲ್ಲ.

ಗಾಳಿಪಟ:
ಉಣ್ಣಿಗೆ ವ್ಯಾಸಲೀನ್ ಹಚ್ಚಿದರೆ ಉಸಿರುಕಟ್ಟಿ ತಾನೇ ಬಿಡುತ್ತದೆ. ಸುಲಭ.

ಮ್ಯೂನಿಕ್‌ಮಳೆ:
ದಯವಿಟ್ಟು ಹಾಗೆ ಮಾಡಬೇಡಿ! ವ್ಯಾಸಲೀನ್, ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಅದನ್ನು ಕಾಡಿದಷ್ಟೂ ಹೊಟ್ಟೆಯಲ್ಲಿ ಇರುವುದನ್ನು ನಿಮ್ಮ ರಕ್ತಕ್ಕೆ ಉಗುಳುವ ಅಪಾಯ ಜಾಸ್ತಿ. ಚೂಪು ತುದಿಯ ಚಿಮಟ ತಗೊಳ್ಳಿ. ಚರ್ಮಕ್ಕೆ ತಾಗುವಷ್ಟು ಹತ್ತಿರ, ಅದರ ಬಾಯಿಯ ಹತ್ತಿರವೇ ಹಿಡಿಯಿರಿ. ಹೊಟ್ಟೆ ಹಿಚುಕಬೇಡಿ. ಒಂದೇ ಸಮ ನೇರವಾಗಿ ಮೇಲಕ್ಕೆ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆಯಿರಿ.

ಮೇಪಲ್‌ಎಲೆ:
ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇರುವ ನಾನು ಇದಕ್ಕೆ ನೂರು ಸಲ ಹೌದು ಅನ್ನುತ್ತೇನೆ. ಲೈಮ್ ಕಾಯಿಲೆಗೆ ಆ ಹೆಸರು ಬಂದದ್ದೇ ಇಲ್ಲಿಯ ಲೈಮ್ ಎಂಬ ಊರಿನಿಂದ. ಮರಿ ಉಣ್ಣಿ ಗಸಗಸೆ ಕಾಳಿನಷ್ಟು ಇರುತ್ತದೆ. ಒಂದು ಸಮಾಧಾನ ಏನೆಂದರೆ, ಲೈಮ್ ಬ್ಯಾಕ್ಟೀರಿಯಾ ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಹೊತ್ತು ಕಚ್ಚಿಕೊಂಡಿರಬೇಕು. ಹಾಗಾಗಿ ದಿನಾ ಸಂಜೆ ಮೈ ನೋಡಿಕೊಂಡರೆ ಲೈಮ್ ಭಯ ಕಡಿಮೆ. ಬಟ್ಟೆಯನ್ನು ಡ್ರೈಯರಿನಲ್ಲಿ ಜಾಸ್ತಿ ಬಿಸಿಯಲ್ಲಿ 10 ನಿಮಿಷ ತಿರುಗಿಸಿದರೆ ಅದರಲ್ಲಿದ್ದವು ಸಾಯುತ್ತವೆ. ಮೊದಲು ಒಗೆಯಬೇಡಿ, ಒಣ ಬಟ್ಟೆಯನ್ನೇ ಹಾಕಿ.

ಮ್ಯೂನಿಕ್‌ಮಳೆ:
ಒಂದು ತಿದ್ದುಪಡಿ. ಆ 24 ಗಂಟೆಯ ಲೆಕ್ಕ ಲೈಮ್‌ಗೆ ಮಾತ್ರ. ಇಲ್ಲಿಯ ಮೆದುಳುಜ್ವರದ ವೈರಸ್ ಉಣ್ಣಿಯ ಜೊಲ್ಲಿನಲ್ಲೇ ಇರುತ್ತದೆ, ಕಚ್ಚಿದ ಕೆಲವೇ ನಿಮಿಷದಲ್ಲಿ ದಾಟಬಹುದು. ಸಂಜೆ ನೋಡಿಕೊಳ್ಳುತ್ತೇನೆ ಬಿಡು ಅಂದುಕೊಂಡರೆ ಯುರೋಪಿನಲ್ಲಿ ಸಾಲದು. ಲಸಿಕೆ ಬೇಕು.

ಮೇಪಲ್‌ಎಲೆ:
ಸರಿ, ಇಲ್ಲಿ ಆ ವೈರಸ್ ಇಲ್ಲ, ಹಾಗಾಗಿ ಯಾರೂ ಅದರ ಮಾತೇ ಎತ್ತುವುದಿಲ್ಲ. ಆದರೂ ಇನ್ನೊಂದು ಸೇರಿಸುತ್ತೇನೆ. ಕಚ್ಚಿದ ಮೇಲೆ 3ರಿಂದ 30 ದಿನದೊಳಗೆ ಹರಡುತ್ತಾ ಹೋಗುವ ಕೆಂಪು ಕಲೆ ಬಂದರೆ, ಅಥವಾ ಕಲೆ ಇಲ್ಲದೆ ಜ್ವರ, ಕೀಲುನೋವು ಬಂದರೂ, ಡಾಕ್ಟರಿಗೆ ಉಣ್ಣಿ ಕಚ್ಚಿತ್ತು ಅಂತ ಬಾಯಿಬಿಟ್ಟು ಹೇಳಿ. ಕಲೆ ಎಲ್ಲರಿಗೂ ಬರುವುದಿಲ್ಲ.

ಕೆಂಪುಮಣ್ಣು:
ವ್ಯಾಸಲೀನ್ ಮಾತು ಬಂತಲ್ಲ, ಅದು ಕೆಲಸಕ್ಕೆ ಬರುವ ಜಾಗ ಬೇರೆ ಇದೆ. ಉಗಾಂಡಾದಲ್ಲಿದ್ದಾಗ ಬಟ್ಟೆಯನ್ನೆಲ್ಲ ಎರಡೂ ಕಡೆ ಇಸ್ತ್ರಿ ಮಾಡಿಯೇ ಹಾಕಿಕೊಳ್ಳಬೇಕು ಅಂತ ಅಕ್ಕಪಕ್ಕದವರು ಮೊದಲ ವಾರವೇ ಹೇಳಿದರು. ಒಳಉಡುಪು, ಟವೆಲ್, ಮಗುವಿನ ಬಟ್ಟೆ, ಹಾಸಿಗೆಯ ಹೊದಿಕೆ ಎಲ್ಲಾ. ಯಾಕೆ ಅಂತ ಕೇಳಿದಾಗ ಟುಂಬು ನೊಣದ ಕಥೆ ಗೊತ್ತಾಯಿತು. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಅದು ಮೊಟ್ಟೆ ಇಡುತ್ತದೆ. ಮರಿ ಮೈ ಬಿಸಿಗೆ ಹೊರಬಂದು ಚರ್ಮದೊಳಗೆ ಇಳಿಯುತ್ತದೆ. ಕುರು ಎದ್ದ ಹಾಗೆ ಕಾಣುತ್ತದೆ, ನಡುವೆ ಸಣ್ಣ ತೂತು, ಒಳಗೆ ಏನೋ ಹರಿದಾಡಿದ ಹಾಗೆ ಅನ್ನಿಸುತ್ತದೆ. ಆ ತೂತಿಗೆ ದಪ್ಪಗೆ ವ್ಯಾಸಲೀನ್ ಮೆತ್ತಿದರೆ ಗಾಳಿ ಸಿಗದೆ ಹುಳ ಮೇಲೆ ಬರುತ್ತದೆ, ಆಗ ಮೆಲ್ಲಗೆ ಒತ್ತಿ ತೆಗೆಯುತ್ತಾರೆ. ನರ್ಸ್ ಹತ್ತಿರ ಹೋದರೆ ಒಳ್ಳೆಯದು. ಇಸ್ತ್ರಿಯ ಬಿಸಿಗೆ ಮೊಟ್ಟೆ ಸಾಯುತ್ತದೆ. ಹೊಲಿಗೆಯ ಮಡಿಕೆ, ಇಲಾಸ್ಟಿಕ್ ಇರುವ ಜಾಗ ಬಿಡಬಾರದು.

ಗಾಳಿಪಟ:
ಓದಿ ಮೈ ಜುಮ್ಮೆಂದಿತು. ಇವತ್ತು ನಿದ್ದೆ ಬರುವುದಿಲ್ಲ.

ಕೆಂಪುಮಣ್ಣು:
ನಿದ್ದೆ ಮಾಡಿ, ಇಸ್ತ್ರಿ ಮಾಡಿದರೆ ಆಯಿತು. ಪೂರ್ವ ಆಫ್ರಿಕಾಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಮಳೆ ಬಂದ ಮೇಲೆ ರಾತ್ರಿ ದೀಪಕ್ಕೆ ಕೆಂಪು ಕಪ್ಪು ಪಟ್ಟೆಯ ಉದ್ದನೆಯ ಸಣ್ಣ ಹುಳ ಬರುತ್ತದೆ, ನೈರೋಬಿ ಫ್ಲೈ ಅನ್ನುತ್ತಾರೆ. ಹೆಸರಿಗೆ ನೊಣ, ನಿಜಕ್ಕೂ ಜೀರುಂಡೆ ಜಾತಿ. ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಕತ್ತಿನ ಮೇಲೆ ಕೂತಿತು ಅಂತ ಫಟ್ಟನೆ ಹೊಡೆದರೆ ಮಾತ್ರ ಕಷ್ಟ. ಅದರ ಮೈಯೊಳಗಿನ ರಸ ತಾಗಿ ಮರುದಿನದ ಹೊತ್ತಿಗೆ ಸುಟ್ಟ ಗಾಯದ ಹಾಗೆ ಬೊಬ್ಬೆ ಏಳುತ್ತದೆ. ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿಕೊಂಡು ಆಚೆ ಬಿಡಿ. ರಸ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಹೊಸಗಾಳಿ:
ಅಬ್ಬಾ, ಎಷ್ಟೆಲ್ಲ ಗೊತ್ತಾಯಿತು. ಒಂದು ಅರ್ಥವಾಗುತ್ತಿದೆ, ದೊಡ್ಡದಾಗಿ ಕಂಡದ್ದೆಲ್ಲ ಅಪಾಯ ಅಲ್ಲ, ಅಲ್ವಾ? ಗಂಡನಿಗೂ ಓದಿಸಿದೆ.

ನೀಲಗಿರಿಮರ:
ನನ್ನ ಪ್ರಕಾರ ಅದೇ ಮುಖ್ಯ. ನಾವು ಬೆಳೆದ ಜಾಗದ ಭಯವನ್ನು ಹೊಸ ಜಾಗಕ್ಕೆ ಹೊತ್ತು ತರುತ್ತೇವೆ. ಅಲ್ಲಿ ಹೆದರಿಸುತ್ತಿದ್ದ ಆಕಾರ ಇಲ್ಲಿ ಕಂಡರೆ ಕೂಗುತ್ತೇವೆ, ಇಲ್ಲಿ ನಿಜವಾಗಿ ಹೆದರಬೇಕಾದದ್ದು ಪಕ್ಕದಲ್ಲೇ ಇದ್ದರೂ ನೋಡುವುದಿಲ್ಲ. ಹೊಸ ದೇಶಕ್ಕೆ ಹೋದ ಕೂಡಲೇ ಅಲ್ಲಿ ಹತ್ತಾರು ವರ್ಷ ಇದ್ದವರನ್ನು ಒಂದೇ ಪ್ರಶ್ನೆ ಕೇಳಿ, ನೀವು ನಿಮ್ಮ ಮಕ್ಕಳಿಗೆ ಯಾವುದನ್ನು ಮುಟ್ಟಬೇಡ ಅಂತ ಹೇಳುತ್ತೀರಿ? ಅಷ್ಟು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು.

ಮರಳುಗಾಡು:
ಸರಿಯಾದ ಮಾತು. ಗಲ್ಫ್‌ನಲ್ಲಿ ಕ್ಯಾಮೆಲ್ ಸ್ಪೈಡರ್ ಅಂತ ಇದೆ. ನೋಡಲು ಘೋರ, ದೊಡ್ಡ ದವಡೆ, ನಿಮ್ಮ ಹಿಂದೆಯೇ ಅಟ್ಟಿಸಿಕೊಂಡು ಬಂದ ಹಾಗೆ ಕಾಣುತ್ತದೆ. ಒಂಟೆಯ ಹೊಟ್ಟೆ ತಿನ್ನುತ್ತದೆ ಅಂತೆಲ್ಲ ಕಥೆ ಕಟ್ಟಿದ್ದಾರೆ. ಅದಕ್ಕೆ ವಿಷವೇ ಇಲ್ಲ, ಅದು ಜೇಡವೂ ಅಲ್ಲ. ಬಿಸಿಲಿಗೆ ನೆರಳು ಹುಡುಕುತ್ತಾ ನಿಮ್ಮ ನೆರಳಿನೊಳಗೆ ಓಡಿ ಬರುತ್ತದೆ ಅಷ್ಟೇ. ಅದೇ ಜಾಗದಲ್ಲಿ ಸಣ್ಣ ಹಳದಿ ಚೇಳು ಮರಳಿನ ಬಣ್ಣದಲ್ಲಿ ಬೆರೆತು ಕೂತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಜೀವಕ್ಕೆ ಕುತ್ತು ತರುವುದು ಅದು. ಮರುಭೂಮಿಯಲ್ಲಿ ರಾತ್ರಿ ತಂಗುವವರು ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ಇಟ್ಟುಕೊಳ್ಳಿ. ಆ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ. ಗುಡಾರದ ಸುತ್ತ ಒಂದು ಸುತ್ತು ಬೆಳಕು ಬಿಟ್ಟು ನೋಡಿದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಬಿದಿರುಮೆಳೆ:
ಜಪಾನ್‌ನಿಂದ. ಇಲ್ಲಿ ಮುಕಾಡೆ ಅನ್ನುವ ದೊಡ್ಡ ಜರಿಹುಳ ಹಾಸಿಗೆಗೇ ಬರುತ್ತದೆ, ಕಚ್ಚಿದರೆ ಉರಿ ತಡೆಯಲು ಆಗುವುದಿಲ್ಲ. ಸಹಿಸುವಷ್ಟು ಬಿಸಿ ನೀರಿನಲ್ಲಿ ತೊಳೆಯಲು ಇಲ್ಲಿಯವರು ಹೇಳುತ್ತಾರೆ. ಅದರ ಜೊತೆ ಉದ್ದುದ್ದ ಕಾಲಿನ ಗೆಜಿ ಎಂಬ ಇನ್ನೊಂದು ಜರಿಹುಳವನ್ನು ಸೇರಿಸಿ ಸಾಯಿಸಬೇಡಿ. ಅದು ಜಿರಳೆ ತಿನ್ನುವ ಪಾಪದ ಪ್ರಾಣಿ. ಶರತ್ಕಾಲದಲ್ಲಿ ಬೆಟ್ಟ ಹತ್ತುವವರು ಕಪ್ಪು ಬಟ್ಟೆ, ಸುಗಂಧ ಬಿಡಿ, ದೈತ್ಯ ಕಣಜ ಆಗ ತುಂಬ ಕೆರಳಿರುತ್ತದೆ. ಗೂಡು ನೆಲದೊಳಗೆ ಇರುತ್ತದೆ, ಕಾಲಿಡುವವರೆಗೂ ಕಾಣುವುದಿಲ್ಲ.

ದಾರಿಹೋಕ:
ನನ್ನ ತಲೆನೋವು ಬೇರೆ, ಕಾನೂನಿನದ್ದು. ಯಾವುದನ್ನು ಕೊಲ್ಲಬಹುದು, ಯಾವುದನ್ನು ಮುಟ್ಟಿದರೆ ದಂಡ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಜರ್ಮನಿಯಲ್ಲಿ ಹಾರ್ನೆಟ್ ಅನ್ನುವ ದೊಡ್ಡ ಕಣಜದ ಗೂಡು ಕಿತ್ತರೆ 50,000 ಯೂರೋವರೆಗೆ ದಂಡ ಅಂತ ಕೇಳಿದೆ. ಅಮೆರಿಕದಲ್ಲಿ ಇನ್ನೊಂದು ಹುಳ ಕಂಡರೆ ತುಳಿದು ಕೊಲ್ಲಿ ಅಂತ ಸರ್ಕಾರವೇ ಹೇಳುತ್ತದಂತೆ.

ಮೇಪಲ್‌ಎಲೆ:
ಲ್ಯಾಂಟರ್ನ್‌ಫ್ಲೈ. ಬೂದು ರೆಕ್ಕೆ ಮೇಲೆ ಕಪ್ಪು ಚುಕ್ಕಿ, ಒಳರೆಕ್ಕೆ ಕೆಂಪು, ಚೆಂದ ಇದೆ. ಏಷ್ಯಾದಿಂದ ಬಂದದ್ದು, 2014ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮೊದಲು ಕಂಡಿತು. ಮನುಷ್ಯರಿಗೆ ಏನೂ ಮಾಡುವುದಿಲ್ಲ, ದ್ರಾಕ್ಷಿ ಬಳ್ಳಿಯ ರಸ ಹೀರಿ ಬಳ್ಳಿಯನ್ನೇ ಸೊರಗಿಸುತ್ತದೆ. ಅದಕ್ಕೇ ಕೊಲ್ಲಿ ಅನ್ನುತ್ತಾರೆ.

ದಕ್ಷಿಣದ್ವೀಪ:
ಕಾನೂನಿನ ವಿಷಯಕ್ಕೆ ಪಾಸಮ್ ಎಂಬ, ಮರದ ಮೇಲೆ ಇರುವ ಬೆಕ್ಕಿನಷ್ಟು ದೊಡ್ಡ ಪ್ರಾಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಾನು ಮೊದಲು ಸಿಡ್ನಿಯಲ್ಲಿದ್ದೆ. ಮಾಡಿನೊಳಗೆ ರಾತ್ರಿಯಿಡೀ ಧಡಧಡ ಸದ್ದು, ಕೊರಳಿನಿಂದ ಗೊರಗೊರ ಅಂತ ಉಸಿರು. ಪಾಸಮ್. ಅಲ್ಲಿ ಅದಕ್ಕೆ ರಕ್ಷಣೆ ಇದೆ. ಪರವಾನಗಿ ಇಲ್ಲದೆ ಹಿಡಿಯುವ ಹಾಗಿಲ್ಲ, ಹಿಡಿದರೂ 150 ಮೀಟರ್ ಒಳಗೇ ಬಿಡಬೇಕು. ದೂರ ಬಿಟ್ಟರೆ ಬೇರೆ ಪಾಸಮ್‌ಗಳ ಜಾಗದಲ್ಲಿ ಬದುಕಲ್ಲ. ಅದು ಹೊರಹೋದಾಗ ತೂತು ಮುಚ್ಚಿ, ಮರಕ್ಕೆ ಒಂದು ಪೆಟ್ಟಿಗೆ ಕಟ್ಟುವುದೇ ದಾರಿ. ಆಮೇಲೆ ನ್ಯೂಜಿಲೆಂಡ್‌ಗೆ ಬಂದೆ. ಅದೇ ಪ್ರಾಣಿ, ಇಲ್ಲಿ ಪೀಡೆ. 19ನೇ ಶತಮಾನದಲ್ಲಿ ತುಪ್ಪಳಕ್ಕೆ ಅಂತ ತಂದು ಬಿಟ್ಟರು. ಮರ ಬೋಳಿಸಿತು, ಹಕ್ಕಿಯ ಮೊಟ್ಟೆ ಮರಿ ತಿಂದಿತು. 2050ರೊಳಗೆ ದೇಶದಲ್ಲಿ ಒಂದೂ ಇರಬಾರದು ಅಂತ ಸರ್ಕಾರದ ಯೋಜನೆ ಇದೆ. ಪಕ್ಕದ ಮನೆಯವರು ಬೋನು ಇಡುತ್ತಾರೆ. ನನಗೆ ಈಗಲೂ ನೋಡಲು ಸಂಕಟ, ಆದರೆ ಇಲ್ಲಿಯ ಹಕ್ಕಿಗಳ ಕಡೆಯಿಂದ ಯೋಚಿಸಿದರೆ ಅವರದ್ದು ತಪ್ಪು ಅನ್ನಲು ಆಗುವುದಿಲ್ಲ.

ಕಡಲಕಾಗೆ:
ತಂದವರು ಮನುಷ್ಯರು, ಸಾಯುವುದು ಅದು. ನಾನು ಒಪ್ಪುವುದಿಲ್ಲ.

ದಕ್ಷಿಣದ್ವೀಪ:
ತಂದದ್ದು ತಪ್ಪೇ. ಆದರೆ ಸುಮ್ನೆ ಬಿಟ್ಟರೆ ಹಾರಲಾರದ ಹಕ್ಕಿಗಳು ಸಾಯುತ್ತವೆ, ಅದೂ ಸಾವೇ ಅಲ್ವಾ?

ಥೇಮ್ಸ್‌ದಂಡೆ:
ಇಂಗ್ಲೆಂಡ್‌ನಲ್ಲಿ ಬಾವಲಿ ಹಾಗೆ. ಅಟ್ಟದಲ್ಲಿ ಸೇರಿಕೊಂಡರೆ ಓಡಿಸುವಂತಿಲ್ಲ, ಅವು ಇಲ್ಲದ ಕಾಲದಲ್ಲೂ ಆ ಜಾಗ ಮುಚ್ಚುವಂತಿಲ್ಲ. ಕೋಣೆಗೆ ಬಂದರೆ ದೀಪ ಆರಿಸಿ, ಕಿಟಕಿ ತೆರೆದಿಡಿ, ತಾನೇ ಹೋಗುತ್ತದೆ. ಪಾಪದ ಪ್ರಾಣಿ, ಗಾಬರಿ ಬೇಡ.

ಮೇಪಲ್‌ಎಲೆ:
ಅಮೆರಿಕದಲ್ಲಿ ಇರುವವರು ದಯವಿಟ್ಟು ಈ ಸಲಹೆ ಪಾಲಿಸಬೇಡಿ. ಇಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಹೆಚ್ಚಿನವರಿಗೆ ಅದು ಬಾವಲಿಯಿಂದಲೇ ಬಂದಿರುತ್ತದೆ. ಹಲ್ಲು ಎಷ್ಟು ಸಣ್ಣದೆಂದರೆ ಕಚ್ಚಿದ ಗುರುತೂ ಕಾಣದಿರಬಹುದು. ನಿದ್ದೆ ಮಾಡಿದ್ದ ಕೋಣೆಯಲ್ಲಿ, ಮಗು ಒಂಟಿಯಾಗಿದ್ದ ಕೋಣೆಯಲ್ಲಿ ಬಾವಲಿ ಕಂಡರೆ ಅದನ್ನು ಹೊರಗೆ ಬಿಡಬೇಡಿ. ಬಾಗಿಲು ಹಾಕಿ, ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಬಾವಲಿ ಸಿಕ್ಕರೆ ಪರೀಕ್ಷೆ ಮಾಡುತ್ತಾರೆ, ಸಿಗದಿದ್ದರೆ ಲಸಿಕೆ ಬೇಕೇ ಅಂತ ಅವರೇ ಹೇಳುತ್ತಾರೆ. ಲಕ್ಷಣ ಶುರುವಾದ ಮೇಲೆ ಏನೂ ಮಾಡಲು ಆಗುವುದಿಲ್ಲ.

ಬಿಳಿಕೋಟು:
ಇಂಗ್ಲೆಂಡ್‌ನಲ್ಲೂ ಬರಿಗೈಯಲ್ಲಿ ಮುಟ್ಟಬಾರದು. 2002ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಬಾವಲಿಗಳ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ರೇಬೀಸ್ ಗುಂಪಿನ ವೈರಸ್‌ನಿಂದಲೇ ತೀರಿಕೊಂಡರು. ಆಸ್ಟ್ರೇಲಿಯಾದ ಬಾವಲಿಗಳಲ್ಲೂ ಆ ಗುಂಪಿನ ವೈರಸ್ ಇದೆ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಅಲೆಮಾರಿ_77:
ನಾನು ಫೋಟೋ ತೆಗೆದು ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ. ಆ್ಯಪ್ ಒಂದು ಹೆಸರು ಸೂಚಿಸುತ್ತದೆ, ಆಮೇಲೆ ಬಲ್ಲವರು ನೋಡಿ ಸರಿಯೋ ತಪ್ಪೋ ಹೇಳುತ್ತಾರೆ. ಮೊದಲು ಹೆದರಿ ಓಡುತ್ತಿದ್ದ ಮಗಳು ಈಗ ತಾನೇ ಫೋಟೋ ತೆಗೆಯುತ್ತಾಳೆ.

ಎರಡುಮಕ್ಕಳತಾಯಿ:
ಒಳ್ಳೆಯದು, ಆದರೆ ಹಾವಿನ ಫೋಟೋಗೆ ಹತ್ತಿರ ಹೋಗಬೇಡಿ. ಆ್ಯಪ್ ಹೇಳಿದ ಹೆಸರು ನಂಬಿ ಹಾವು ಹಿಡಿಯಲೂ ಬೇಡಿ. ದೂರ ನಿಂತು ಹಾವು ಹಿಡಿಯುವವರನ್ನು ಕರೆಯಿರಿ.

ಚಳಿಗಾಲ:
ನಮ್ಮ ನಾಯಿ ಮೇಲೆ ಸ್ಕಂಕ್ ಅನ್ನುವ ಪ್ರಾಣಿ ತನ್ನ ನಾತದ ರಸ ಸಿಂಪಡಿಸಿದೆ! ಮನೆಯೆಲ್ಲ ನಾತ. ಟೊಮೆಟೊ ರಸದಲ್ಲಿ ತೊಳೆಯಲು ಹೇಳುತ್ತಿದ್ದಾರೆ. ಒಂಟಾರಿಯೊದಲ್ಲಿದ್ದೇವೆ. ಬೇಗ ಹೇಳಿ.

ಮೇಪಲ್‌ಎಲೆ:
ಟೊಮೆಟೊ ಬೇಡ, ನಾತ ಹೋಗುವುದಿಲ್ಲ. 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಆಗಲೇ ಕಲಸಿ ಆಗಲೇ ಹಚ್ಚಿ. ಐದು ನಿಮಿಷ ಬಿಟ್ಟು ತೊಳೆಯಿರಿ, ಕಣ್ಣು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಉಳಿದದ್ದನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಒಡೆಯುತ್ತದೆ. ಪಾಲ್ ಕ್ರೀಬಾಮ್ ಎಂಬ ರಸಾಯನಶಾಸ್ತ್ರಜ್ಞ 1993ರಲ್ಲಿ ತಿಳಿಸಿದ ಉಪಾಯ ಇದು. ನಾತ ಬರುವುದು ಗಂಧಕ ಇರುವ ಥಯಾಲ್‌ಗಳಿಂದ, ಪೆರಾಕ್ಸೈಡ್ ಅವನ್ನು ನಾತ ಇಲ್ಲದ ವಸ್ತುವಾಗಿ ಬದಲಿಸುತ್ತದೆ. ಮುಂದಿನ ಸಲ ಸ್ಕಂಕ್ ಮುಂಗಾಲು ನೆಲಕ್ಕೆ ಬಡಿದು ಬಾಲ ಎತ್ತಿದರೆ ಅದು ಎಚ್ಚರಿಕೆ, ನಾಯಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳಿ.

ಚಳಿಗಾಲ:
ಹಚ್ಚಿದೆವು. ಮುಕ್ಕಾಲು ಪಾಲು ಹೋಗಿದೆ. ತುಂಬ ತುಂಬ ಧನ್ಯವಾದ.

ಹೊಸಗಾಳಿ:
ಇನ್ನೊಂದು ಪ್ರಶ್ನೆ. ಆಗಸ್ಟ್ ಬಂದರೆ ಮ್ಯಾಗ್‌ಪೈ ಹಕ್ಕಿ ತಲೆಗೆ ಎರಗುತ್ತದೆ ಅನ್ನುತ್ತಾರೆ ಆಫೀಸಿನವರು. ಮರದಿಂದ ಬೀಳುವ ಡ್ರಾಪ್ ಬೇರ್ ಕಥೆ ಹೇಳಿದವರೂ ಅವರೇ. ಅದು ಕಟ್ಟುಕಥೆ ಅಂತ ಆಮೇಲೆ ಗೊತ್ತಾಯಿತು. ಇದೂ ಹಾಗೆಯೇ?

ನೀಲಗಿರಿಮರ:
ಇದು ನಿಜ. ಗೂಡಿನಲ್ಲಿ ಮೊಟ್ಟೆ ಮರಿ ಇರುವ ಆರೇಳು ವಾರ ಗಂಡು ಹಕ್ಕಿ ಹಿಂದಿನಿಂದ ಎರಗುತ್ತದೆ. ಎಲ್ಲವೂ ಅಲ್ಲ, ಗಂಡುಗಳಲ್ಲೂ ಹತ್ತರಲ್ಲಿ ಒಂದರಷ್ಟು. ಮುಖದ ಗುರುತು ಇಟ್ಟುಕೊಳ್ಳುತ್ತದೆ, ಹಾಗಾಗಿ ಕಲ್ಲು ಎಸೆದರೆ ವೈರ ಬೆಳೆಯುತ್ತದೆ. ಕಣ್ಣಿಗೆ ಪೆಟ್ಟಾಗಬಹುದು, ಕನ್ನಡಕ ಹಾಕಿ. ಸೈಕಲ್ಲಿನಿಂದ ಇಳಿದು ನಡೆಯಿರಿ. ಮಗುವಿನ ಗಾಡಿಗೆ ಮೇಲ್ಹೊದಿಕೆ ಇರಲಿ. ಸಾಧ್ಯವಾದರೆ ಆ ಬೀದಿಯನ್ನೇ ಬಿಟ್ಟು ಸುತ್ತಿ ಹೋಗಿ.

ಕಡಲಕಾಗೆ:
ಹೆಲ್ಮೆಟ್ಟಿಗೆ ಕೇಬಲ್ ಟೈ ಮುಳ್ಳು ಕಟ್ಟಿದರೆ ಸಾಕು, ನಾನು ಹಾಗೇ ಓಡಾಡುವುದು.

ನೀಲಗಿರಿಮರ:
ಕಟ್ಟಿದರೂ ಎರಗುವುದನ್ನು ನಾನು ನೋಡಿದ್ದೇನೆ. ಇಳಿದು ನಡೆಯುವುದೇ ಮೇಲು.

ಥೇಮ್ಸ್‌ದಂಡೆ:
ಮಾತು ಎಲ್ಲಿಂದೆಲ್ಲಿಗೋ ಹೋಗಿದೆ, ಆದರೂ ಕೇಳಿಬಿಡುತ್ತೇನೆ. ನಮ್ಮ ಹಿತ್ತಿಲಿಗೆ ರಾತ್ರಿ ಹೆಜ್‌ಹಾಗ್ ಅನ್ನುವ ಮೈಯೆಲ್ಲ ಮುಳ್ಳಿನ ಸಣ್ಣ ಪ್ರಾಣಿ ಬರುತ್ತಿದೆ. ಮೂತಿ ಎಲೆಯೊಳಗೆ ತೂರಿಸಿ ಫುಸ್ ಫುಸ್ ಅನ್ನುತ್ತಾ ಹುಳ ಹುಡುಕುತ್ತದೆ. ತಟ್ಟೆಯಲ್ಲಿ ಹಾಲು ಇಡಬಹುದಾ?

ಬಿದಿರುಮೆಳೆ:
ಹಾಲು ಬೇಡ, ಅದಕ್ಕೆ ಅರಗುವುದಿಲ್ಲ, ಭೇದಿಯಾಗುತ್ತದೆ. ನೀರು ಇಡಿ.

ದಾರಿಹೋಕ:
ಬೆಕ್ಕಿಗೆ ಕೊಡುವ ಮಾಂಸದ ಆಹಾರ ಸ್ವಲ್ಪ ಇಡಬಹುದು. ಬೇಲಿಯ ಅಡಿ 13 ಸೆಂಟಿಮೀಟರ್ ಚೌಕದ ಒಂದು ತೂತು ಬಿಟ್ಟರೆ ಪಕ್ಕದ ಹಿತ್ತಿಲಿಗೂ ಹೋಗಿ ಬರುತ್ತದೆ, ಒಂದೇ ರಾತ್ರಿಗೆ ಒಂದೆರಡು ಕಿಲೋಮೀಟರ್ ಅಲೆಯುವ ಪ್ರಾಣಿ ಅದು. ಹಗಲಲ್ಲಿ ಬಯಲಿನಲ್ಲಿ ಸುಮ್ನೆ ಮಲಗಿದ್ದರೆ ಹುಷಾರಿಲ್ಲ ಅಂತ ಅರ್ಥ. ದಪ್ಪ ಕೈಗವಸು ಹಾಕಿ ರಟ್ಟಿನ ಪೆಟ್ಟಿಗೆಗೆ ಎತ್ತಿ, ಹತ್ತಿರದ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ.

ಥೇಮ್ಸ್‌ದಂಡೆ:
ತೂತಿನ ವಿಷಯ ಪಕ್ಕದ ಮನೆಯವರ ಹತ್ತಿರ ಶನಿವಾರ ಮಾತಾಡುತ್ತೇನೆ. ಬೇಲಿ ಅವರದ್ದು.